ಒಂಬತ್ತನೇ ಫ್ಲ್ಯಾಟಿನ ಅವದಿಯಾ

ಹೆಸರು: ಅವದಿಯಾ ಬಕ್ರಿ ಅಲ್-ತಯ್ಯಿಬ್. ವಯಸ್ಸು: 56. ಉದ್ಯೋಗ: ಹಿಂದೆ ಒಮ್ದುರ್ಮಾನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಅಧ್ಯಾಪಕಿ, ಈಗ ಹೊಲಿಗೆ ಕೆಲಸ. ದೇಶ: ಸುಡಾನ್. ಹಾಲಿ ವಾಸ: ಫ್ಲ್ಯಾಟ್ 9, ನಾಲ್ಕನೇ ಮಹಡಿ, ಕಟ್ಟಡ 31, ಫೈಸಲ್ ರಸ್ತೆಯ ಹಿಂಭಾಗ, ಗೀಜಾ.

ಮೇಲ್ಕಂಡ ನಾನು ಇಂದು ಬೆಳಿಗ್ಗೆ 11 ಗಂಟೆ 10 ನಿಮಿಷಕ್ಕೆ ಠಾಣೆಗೆ ಬಂದು ಪೇದೆ ಹಮ್ದಿಯವರ ಮುಂದೆ ಹೇಳಿ ಬರೆಸುವುದೇನೆಂದರೆ, ಫೆಬ್ರವರಿ 6ರಂದು ಇದೇ ಠಾಣೆಯಲ್ಲಿ ನಾನೊಂದು ದೂರು ಕೊಟ್ಟಿದ್ದೆ. ನಾನು ಫ್ಲ್ಯಾಟ್ 9ರಲ್ಲಿ ವಾಸವಾಗಿಲ್ಲ, ಎಂದೂ ವಾಸವಾಗಿರಲಿಲ್ಲ ಎಂಬುದು ಆ ದೂರು. ಎರಡು ತಿಂಗಳ ಮೇಲೆ ವಿಚಾರಣೆಗೆಂದು ಫ್ಲ್ಯಾಟ್ 9ಕ್ಕೆ ಹೋದ ಪೊಲೀಸರಿಗೆ ಬಾಗಿಲು ತೆಗೆದವಳು ನಾನೇ. ಇದು ಹೇಗಾಯಿತು ಎಂದು ವಿವರಿಸಲು ನನ್ನನ್ನು ಕರೆಸಲಾಗಿದೆ.

ಪೇದೆಯವರು ನನ್ನ ಹೆಸರಿನ ಹಿಂದೆ ಹಜ್ಜಾ ಎಂದು ಸೇರಿಸಿದ್ದರು. ವಯಸ್ಸಾದವರಿಗೆ ಗೌರವಕ್ಕೆ ಹಾಗೆ ಅನ್ನುತ್ತಾರೆಂದು ನನಗೆ ಗೊತ್ತು. ಆದರೆ ನಾನು ಹಜ್ ಯಾತ್ರೆ ಮಾಡಿಲ್ಲ, ಮೆಕ್ಕಾ ನೋಡಿಲ್ಲ. ಹೇಳಿಕೆಯಲ್ಲಿ ಸುಳ್ಳು ಸೇರಬಾರದೆಂದು ಅದನ್ನು ಹೊಡೆಸಿದ್ದೇನೆ.

ಫೆಬ್ರವರಿ 4ರಂದು ವಾಸದ ಪರವಾನಗಿ ನವೀಕರಿಸಲು ಬೆಳಿಗ್ಗೆ 5 ಗಂಟೆ 40 ನಿಮಿಷಕ್ಕೆ ಮನೆ ಬಿಟ್ಟೆ. ಆಗ ನನ್ನ ಮನೆ ಅರ್ದ್ ಅಲ್-ಲಿವಾ ಬಡಾವಣೆಯ 17ನೇ ಕಟ್ಟಡದಲ್ಲಿತ್ತು. ಸರದಿ ಚೀಟಿ 212. ಮಧ್ಯಾಹ್ನ 12 ಗಂಟೆ 25 ನಿಮಿಷಕ್ಕೆ ಪರವಾನಗಿ ಕಚೇರಿಯ ಆರನೇ ಕಿಟಕಿಯ ಮುಂದೆ ನಿಂತೆ. ಗುಮಾಸ್ತರು ಕಂಪ್ಯೂಟರ್ ನೋಡಿ, ನೀವು ಇರೋದು ಫೈಸಲ್‌ನಲ್ಲಲ್ವಾ, ಅರ್ದ್ ಅಲ್-ಲಿವಾ ಅಂತ ಯಾಕೆ ಬರ್ದಿದೀರಿ ಅಂದರು. ಫೈಸಲ್‌ನಲ್ಲಿ ನಾನು ಕಾಲೇ ಇಟ್ಟಿಲ್ಲ ಅಂದೆ. ಇಟ್ಟಿದೀರಿ, ಬಾಡಿಗೆ ಕರಾರಿದೆ, ನಿಮ್ಮ ಗುರುತಿನ ಕಾರ್ಡಿನ ಫೋಟೋ ಇದೆ ಅಂದರು. ನಾನು ನಿಮ್ಮ ಕಣ್ಣೆದುರಿಗೇ ಇದ್ದೀನಲ್ಲಪ್ಪ, ನನ್ನನ್ನೇ ಕೇಳಿ ಅಂದೆ. ಕಣ್ಣೆದುರಿಗಿದ್ರೆ ಸಾಲ್ದು ಹಜ್ಜಾ, ಕಂಪ್ಯೂಟರಲ್ಲಿರ್ಬೇಕು ಅಂದರು.

ತನ್ನ ಬಗ್ಗೆ ಇರುವ ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವ ಹಕ್ಕು ಕಾನೂನಿನಲ್ಲಿದೆಯೆಂದು ನಾನು ಪತ್ರಿಕೆಯಲ್ಲಿ ಓದಿದ್ದೆ. ಆ ತುಣುಕನ್ನು ಕತ್ತರಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ, ತೋರಿಸಿದೆ. ಅವರು ಪೂರ್ತಿ ಓದಿದರು. ಮಾಹಿತಿ ನಿಮ್ದೇ, ಯಾರು ಇಲ್ಲ ಅಂದ್ರು, ಕಂಪ್ಯೂಟರ್ ನಮ್ದು ಅಂದರು. ಆ ಮನೆಯಿಂದ ಖಾಲಿ ಮಾಡಿದ ಪತ್ರ ತರಬೇಕು, ಇಲ್ಲವೇ ಪೊಲೀಸ್ ದೂರಿನ ಸಂಖ್ಯೆ ತರಬೇಕು ಎಂದು ಹೇಳಿದರು. ನಾನು ವಾಸವೇ ಇರದ ಮನೆಯನ್ನು ಖಾಲಿ ಮಾಡುವುದು ಹೇಗೆಂದು ಕೇಳಿದೆ. 213 ಅಂತ ಕೂಗಿದರು.

ಹೀಗಾಗಿ ಫೆಬ್ರವರಿ 6ರ ದೂರು.

ಫೆಬ್ರವರಿ 11ರಂದು ಸಂಜೆ 4 ಗಂಟೆಗೆ 17ನೇ ಕಟ್ಟಡದ ಕಾವಲುಗಾರ ಅಬ್ದುವನ್ನು ವಿಚಾರಿಸಿದೆ. ಹೊಸ ಬಾಡಿಗೆದಾರರು ಬಂದಾಗ ಅವರ ಕಾರ್ಡಿನ ಫೋಟೋವನ್ನು ತನ್ನ ಫೋನಿನಲ್ಲಿ ತೆಗೆದು ಬಾಡಿಗೆ ಮನೆಗಳ ದಲ್ಲಾಳಿ ಶೌಕಿಗೆ ಕಳಿಸುವುದಾಗಿ ಅವನು ಒಪ್ಪಿಕೊಂಡ. ಅದು ನನ್ನ ಕಾರ್ಡು, ನನ್ನನ್ನು ಕೇಳಬಾರದಿತ್ತೇ ಎಂದೆ. ಅಯ್ಯೋ ಟೀಚರಮ್ಮ, ಕಾರ್ಡು ನಿಮ್ ಕೈಲೇ ಇದ್ಯಲ್ಲ, ನಾನು ತಗೊಂಡಿದ್ದು ಬರೀ ಫೋಟೋ ಅಂದ. ಅವನ ಮುಖದಲ್ಲಿ ಕಪಟ ಕಾಣಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಶೌಕಿಯ ಫೋನು ಅಂದಿನಿಂದ ಇಂದಿನವರೆಗೂ ಬಂದ್ ಆಗಿದೆ.

ಫೆಬ್ರವರಿ 13ರಂದು ಫ್ಲ್ಯಾಟ್ 9ಕ್ಕೆ ಹೋದೆ. ನನ್ನ ಮನೆಯಿಂದ ಅಲ್ಲಿಗೆ 4 ಕಿಲೋಮೀಟರ್ 300 ಮೀಟರ್. ಮೆಟ್ಟಿಲು 76. ಹತ್ತುವಾಗ ಏನೇನು ಬೈಯಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬೆಳಿಗ್ಗೆ 10 ಗಂಟೆ 50 ನಿಮಿಷಕ್ಕೆ ಬಾಗಿಲು ತಟ್ಟಿದೆ. ಸುಮಾರು ಆರು ವರ್ಷದ ಹುಡುಗಿ ತೆರೆದಳು. ಅವದಿಯಾ ಇದ್ದಾಳಾ ಎಂದು ಗಟ್ಟಿಯಾಗಿ ಕೇಳಿದೆ. ಇದ್ದಾಳೆ, ನಮ್ಮಮ್ಮ, ರೊಟ್ಟಿ ಮಾಡ್ತಾ ಇದ್ದಾಳೆ ಎಂದಿತು ಮಗು.

ಒಳಗಿನಿಂದ ಬಂದ ಹೆಂಗಸು ನಮ್ಮ ದೇಶದವಳೇ, ಮೂವತ್ತು ದಾಟಿರಬಹುದು, ಮಾತಿನಲ್ಲಿ ಪಶ್ಚಿಮದ ದಾರ್ಫುರಿನವಳೆಂದು ತಿಳಿಯಿತು. ಮೂವರು ಮಕ್ಕಳು, ಕಣ್ಣು ಕಾಣದ ಅತ್ತೆ. ಅವಳ ಬಳಿ ಯಾವ ಕಾಗದವೂ ಇರಲಿಲ್ಲ. ಮನೆಯ ಕಾಗದ ಈ ಹೆಸರಲ್ಲಿದೆ, ಕೇಳಿದವರಿಗೆಲ್ಲ ಇದೇ ಹೆಸರು ಹೇಳು ಎಂದು ಶೌಕಿ ಅವಳಿಗೆ ಕಲಿಸಿದ್ದ. ನಾನು ನನ್ನ ಕಾರ್ಡು ತೆಗೆದು ತೋರಿಸಿದೆ. ಅವಳು ಅದರಲ್ಲಿದ್ದ ಫೋಟೋ ನೋಡಿದಳು, ನನ್ನ ಮುಖ ನೋಡಿದಳು. ಇಷ್ಟು ದಿನ ಈ ಹೆಸರಿನವರು ಸತ್ತುಹೋಗಿದ್ದಾರೆ ಅಂದ್ಕೊಂಡಿದ್ದೆ ಚಿಕ್ಕಮ್ಮ ಅಂದಳು. ಆಮೇಲೆ, ನಿಮ್ಮ ಹೆಸರಿಗೆ ನಾನು ಕೆಟ್ಟ ಹೆಸರು ತಂದಿಲ್ಲ, ಬೇಕಾದ್ರೆ ಮೂರನೇ ಮಹಡಿಯವರನ್ನ ಕೇಳಿ, ಯಾರ ಹತ್ರಾನೂ ಜಗಳ ಆಡಿಲ್ಲ ಅಂದಳು. ಅದೇ ಹೆಸರಿಟ್ಟುಕೊಂಡು ನಾನು ಆ ಹತ್ತು ದಿನಗಳಲ್ಲಿ ಅರ್ಧ ಊರಿನ ಜೊತೆ ಜಗಳವಾಡಿದ್ದೆ. ಜೋಡಿಸಿಕೊಂಡಿದ್ದ ಬೈಗುಳದಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಚಹಾ ಕುಡಿದು 11 ಗಂಟೆ 35 ನಿಮಿಷಕ್ಕೆ ಹೊರಟೆ.

ಫೆಬ್ರವರಿ 16ರಿಂದ ಮಾರ್ಚ್ 20ರವರೆಗೆ ಆರನೇ ಕಿಟಕಿಗೆ ಒಂಬತ್ತು ಸಲ ಹೋದೆ. ದೂರಿನ ಸಂಖ್ಯೆ ಕೊಟ್ಟೆ. ವಿಚಾರಣೆ ಮುಗಿದಿಲ್ಲ ಅಂದರು. ಈ ಠಾಣೆಗೆ ನಾಲ್ಕು ಸಲ ಬಂದೆ. ವಿಚಾರಣೆ ಶುರುವಾಗಿಲ್ಲ ಅಂದರು. ಪೇದೆಯವರು ಈ ಸಾಲನ್ನು ಬರೆಯದೆ ಬಿಟ್ಟಿದ್ದರು, ನಾನು ಮತ್ತೆ ಬರೆಸಿದ್ದೇನೆ.

ಮಾರ್ಚ್ 24, ರಂಜಾನಿನ ಇಪ್ಪತ್ತನಾಲ್ಕನೇ ಉಪವಾಸ. ಬೆಳಿಗ್ಗೆ 10 ಗಂಟೆ 15 ನಿಮಿಷಕ್ಕೆ 17ನೇ ಕಟ್ಟಡದ ಮಾಲೀಕ ಶಾಕಿರ್ ಬಂದರು. ಟೀಚರಮ್ಮ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ, ಆದ್ರೆ ಈ ವಿಳಾಸದ ಪರವಾನಗಿ ಇಲ್ದೇ ಇರೋ ವಿದೇಶಿಯರನ್ನ ಇಟ್ಕೊಂಡ್ರೆ ನನ್ನ ಕುತ್ತಿಗೆಗೆ ಬರುತ್ತೆ ಅಂದರು. ಹಬ್ಬಕ್ಕೆ ವಾರ ಇದೆ ಅಂದೆ. ನಿಮಗೆ ಫೈಸಲ್‌ನಲ್ಲಿ ಇನ್ನೊಂದು ಮನೆ ಇದ್ಯಂತಲ್ಲ ಅಂದರು. ಎರಡು ಪೆಟ್ಟಿಗೆ, ಹೊಲಿಗೆ ಯಂತ್ರ ಮತ್ತು ಸುತ್ತಿಟ್ಟ ನೈಲ್ ನದಿಯ ನಕ್ಷೆಯನ್ನು ಅಬ್ದುವೇ ಕೆಳಗಿಳಿಸಿಕೊಟ್ಟ. ಬೀದಿಯಲ್ಲಿ ನಿಂತೇ ಮೂವರು ಮನೆ ಮಾಲೀಕರಿಗೆ ಫೋನ್ ಮಾಡಿದೆ. ಕಾರ್ಡಿನ ಫೋಟೋ ಕಳಿಸಿ ಎಂದು ಮೂವರೂ ಕೇಳಿದರು. ಕಳಿಸಲಿಲ್ಲ. ಆ ಹೊತ್ತಿನಲ್ಲಿ ನನಗೆ ಅಳು ಬಂತು. ಇದನ್ನೂ ಬರೆದುಕೊಳ್ಳಬಹುದು.

ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಸಾಮಾನಿನ ಸಮೇತ ಫ್ಲ್ಯಾಟ್ 9ರ ಬಾಗಿಲಿಗೆ ಬಂದೆ. ಆ ಹೆಂಗಸು ಏನನ್ನೂ ಕೇಳಲಿಲ್ಲ. ಮಕ್ಕಳ ಹಾಸಿಗೆ ಸರಿಸಿ ಕಿಟಕಿ ಪಕ್ಕ ಜಾಗ ಮಾಡಿದಳು. ಉಪವಾಸ ಬಿಡುವ ಹೊತ್ತಿಗೆ ನಮ್ಮ ದೇಶದ ರಂಜಾನಿನ ಹಿಲುಮುರ್ ಪಾನಕ ಕೊಟ್ಟಳು. ಎರಡು ವರ್ಷದಿಂದ ಅದರ ರುಚಿ ನೋಡಿರಲಿಲ್ಲ.

ಏಪ್ರಿಲ್ 6ರಂದು ಬೆಳಿಗ್ಗೆ 9 ಗಂಟೆ 30 ನಿಮಿಷಕ್ಕೆ ಪೊಲೀಸರು ಬಂದು, ಅವದಿಯಾ ಯಾರು ಎಂದು ಕೇಳಿದರು. ನಾನು ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು. ನಾನು ಕಾರ್ಡು ತೋರಿಸಿದೆ.

ಆ ಹೆಂಗಸಿನ ಹೆಸರೇನೆಂದು ಈಗ ನನ್ನನ್ನು ಕೇಳಲಾಗಿದೆ. ನನ್ನ ದೂರು ನನ್ನ ಹೆಸರಿನ ಬಗ್ಗೆ, ಅವಳದ್ದರ ಬಗ್ಗೆ ಅಲ್ಲ. ಅವಳು ಯಾರೆಂದು ಕೇಳಿದರೆ, ನನ್ನ ಮನೆಯಲ್ಲಿರುವ ಅತಿಥಿ. ಮನೆ ನನ್ನದೆಂಬುದಕ್ಕೆ ಸರ್ಕಾರದ ಕಂಪ್ಯೂಟರೇ ಸಾಕ್ಷಿ. ಎಷ್ಟು ದಿನದ ಅತಿಥಿ ಹಜ್ಜಾ ಎಂದು ಪೇದೆಯವರು ಕೇಳಿದರು. ನಮ್ಮ ಕಡೆ ಅತಿಥಿಯನ್ನು ಹಾಗೆ ಕೇಳುವುದಿಲ್ಲ ಅಂದೆ. ಅವರು ಪೆನ್ನಿನಿಂದ ಕಿವಿ ಕೆರೆದುಕೊಂಡು, ಹಂಗೇ ಬರ್ಕೋತೀನಿ ಬಿಡಿ ಅಂದರು.

ವಿಳಾಸದ ದೂರನ್ನು ಹಿಂತೆಗೆದುಕೊಳ್ಳುತ್ತೇನೆ. ನನ್ನನ್ನು ಕೇಳದೆ ಕಾರ್ಡಿನ ಫೋಟೋ ಬಳಸಿದ್ದಾರೆಂಬ ದೂರನ್ನು ಅದರ ಬದಲು ಬರೆದುಕೊಳ್ಳಿ. ಶೌಕಿಯನ್ನು ಹುಡುಕಿ, ನನ್ನ ಹೆಸರಿನಲ್ಲಿ ಇನ್ನೆಷ್ಟು ಮನೆಗಳಿವೆಯೆಂದು ತಿಳಿಸಬೇಕು. ಇದ್ರೆ ಒಳ್ಳೇದೇ ಅಲ್ವಾ, ಇಲ್ಲಿಂದ ಓಡಿಸಿದ್ರೆ ಅಲ್ಲಿಗೆ ಹೋಗ್ಬೋದು ಎಂದು ಪೇದೆಯವರು ನಕ್ಕರು. ನಾನು ನಗಲಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ, ನಾನೂ ಓದಿ ನಾಲ್ಕು ಕಾಗುಣಿತದ ತಪ್ಪು ತಿದ್ದಿದ್ದೇನೆ. ಇದರಲ್ಲಿರುವುದೆಲ್ಲ ನಿಜ. ನಿಜವಲ್ಲದ್ದು ಒಂದೇ ಇತ್ತು, ನನ್ನ ವಿಳಾಸ. ಮಾರ್ಚ್ 24ರ ಮಧ್ಯಾಹ್ನ 3 ಗಂಟೆ 40 ನಿಮಿಷದಿಂದ ಅದೂ ನಿಜವಾಗಿದೆ.

ಸ್ಥಳ: ಗೀಜಾ
ದಿನಾಂಕ: 8 ಏಪ್ರಿಲ್ 2025
ಸಹಿ: ಅವದಿಯಾ ಬಕ್ರಿ ಅಲ್-ತಯ್ಯಿಬ್, ಫ್ಲ್ಯಾಟ್ 9