ಬಾವಿ ದಾಟುವಾಗ ಹಾಕಿಕೊಂಡಿದ್ದ ಹೆಡ್‌ಸೆಟ್

ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ನಂಬಿಕೆ ಬರದಿದ್ದರೆ ನಾಳೆ ಬೆಳಗ್ಗೆ ಅವನ ಮನೆಗೇ ಕರ್ಕೊಂಡು ಹೋಗ್ತೀನಿ... ರಾತ್ರಿ ಮಾತ್ರ ಕರೀಬೇಡಿ, ನಾನು ಬರಲ್ಲ.

ಅವನನ್ನ ಮನೆಯಲ್ಲಿ ಎಲ್ಲರೂ ಮರಿ ಅಂತಾರೆ. ಆಳು ನೋಡಿದರೆ ಬಾಗಿಲಿಗೆ ತಲೆ ತಗಲೋಷ್ಟು ಉದ್ದ. ಕಿಟಕಿಗೆ ಗಾಜು ಕತ್ತರಿಸಿ ಕೂರಿಸೋ ಕೆಲಸ. ಆವತ್ತು ರಾತ್ರಿ ಅಂಗಡಿ ಬೀದಿಯಿಂದ ಮನೆಗೆ ನಡ್ಕೊಂಡು ಬರ್ತಿದ್ದ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ತಿರುವಿನಲ್ಲಿ ಒಂದು ಹಳೇ ಬಾವಿ. ನೀರು ಸೇದೋದು ಬಿಟ್ಟು ಯಾವ ಕಾಲವಾಯ್ತೋ ಏನೋ, ಬಾಯಿಗೆ ಕಬ್ಬಿಣದ ಜಾಲರಿ ಹಾಕಿದಾರೆ. ಜಾಲರಿ ಮೇಲೆ ಯಾರೋ ಕಾಲು ಮುರಿದ ಕುರ್ಚಿ ಎಸೆದು ಹೋಗಿದಾರೆ. ಹಗಲಲ್ಲಿ ಅದನ್ನ ಯಾರೂ ತಿರುಗಿ ಕೂಡ ನೋಡಲ್ಲ.

ಮರಿಯ ತಲೆ ಮೇಲೆ ಹೊಸ ಹೆಡ್‌ಸೆಟ್ಟು. ಎಲ್ಲಾ ಶುರುವಾದದ್ದು ಅದರಿಂದಲೇ.

ಅವನ ಹೆಂಡತಿ ನರ್ಸು. ರಾತ್ರಿ ಪಾಳಿ. ಇವನು ಮನೆಗೆ ಬರಬೇಕು, ಆಮೇಲೆ ಅವಳು ಹೊರಡಬೇಕು. ಅವಳು ಹೋದ ಮೇಲೆ ತೊಟ್ಟಿಲಲ್ಲಿರೋ ಹೆಣ್ಣು ಕೂಸಿನ ಕಾವಲು ಇವನದ್ದು. ಕೂಸು ಮಲಗಿದ ಮೇಲೆ ಇವನಿಗೆ ಇದ್ದದ್ದು ಒಂದೇ ಖುಷಿ. ಕಂಪ್ಯೂಟರ್ ಮುಂದೆ ಕೂತು ಹಳೇ ಸ್ನೇಹಿತ, ಬೇಕರಿಯವನ ಜೊತೆ ಗುಂಡು ಹಾರಿಸೋ ಆಟ ಆಡೋದು. ಹೆಂಡತಿ ಬೇಡ ಅನ್ನಲಿಲ್ಲ. 'ಆಡಿ, ಆದರೆ ಕೂಸು ಅತ್ತರೆ ಕೇಳಿಸಬೇಕು' ಅಂದಳು, ಅಷ್ಟೇ. ಅದಕ್ಕೆ ಇವನು ಹಳೇ ಹೆಡ್‌ಫೋನನ್ನ ಒಂದು ಕಿವಿಗೆ ಹಾಕಿ, ಇನ್ನೊಂದು ಕಿವಿಯನ್ನ ಕೂಸಿಗೆ ಬಿಟ್ಟು ಆಡ್ತಿದ್ದ. ಆ ಆಟದಲ್ಲಿ ಶತ್ರುವಿನ ಹೆಜ್ಜೆ ಎಡಗಡೆಯದ್ದಾ ಬಲಗಡೆಯದ್ದಾ ಅಂತ ಗೊತ್ತಾಗಬೇಕು. ಒಂದೇ ಕಿವಿಯಲ್ಲಿ ಏನು ಗೊತ್ತಾಗುತ್ತೆ, ಮಣ್ಣು. ದಿನಾ ಇವನೇ ಮೊದಲು ಸಾಯೋದು. 'ಕಿವಿ ಯಾರ ಹತ್ರ ಅಡ ಇಟ್ಟಿದೀಯೋ ಮಾರಾಯ' ಅಂತ ಬೇಕರಿಯವನು ಬಯ್ಯೋದು.

ಕೊನೆಗೆ ಆವತ್ತು ಕೈಯಲ್ಲಿದ್ದ ಅಷ್ಟೋ ಇಷ್ಟೋ ದುಡ್ಡು ಹಿಡ್ಕೊಂಡು ಹೆಡ್‌ಸೆಟ್ ಅಂಗಡಿಗೆ ಹೋದ. ಬಣ್ಣಬಣ್ಣದ ದೀಪ ಉರಿಯೋ ಒಂದನ್ನ ಎತ್ತಿ ನೋಡಿದ. ಅಂಗಡಿಯವರು ಕೈಯಿಂದ ಕಿತ್ತುಕೊಂಡೇ ಬಿಟ್ಟರು.

'ತಲೆ ಮೇಲಿರೋ ದೀಪ ನಿಮಗೆ ಕಾಣುತ್ತಾ? ಅದಕ್ಕೆ ಯಾಕೆ ದುಡ್ಡು? ಕಮ್ಮಿ ದುಡ್ಡಲ್ಲಿ ವೈರ್ ಇಲ್ಲದ್ದೂ ಬೇಡ, ಸದ್ದು ತಡವಾಗಿ ಬರುತ್ತೆ. ಗಂಟೆಗಟ್ಟಲೆ ಹಾಕ್ಕೋತೀರಿ, ಮೊದಲು ತೂಕ ನೋಡಿ. ಮೆತ್ತೆ ಕಿವಿ ಪೂರ್ತಿ ಮುಚ್ಚಬೇಕು, ಆದರೆ ಒತ್ತಬಾರದು.'

'ಕಿವಿ ಮುಚ್ಚಿದರೆ ಕೂಸು ಅತ್ತದ್ದು ಕೇಳಿಸಲ್ವಲ್ಲ ಸರ್.'

ಅವರು ಯೋಚನೆ ಮಾಡಿ ಒಳಗಿಂದ ಇನ್ನೊಂದು ತಂದರು. ಸಾದಾ ಕಪ್ಪು. ವೈರಿನಲ್ಲಿ ಒಂದು ಪುಟ್ಟ ತಿರುಗುಣಿ. ಅದನ್ನ ತಿರುಗಿಸಿದರೆ ಮೈಕಿಗೆ ಬಿದ್ದ ಸದ್ದು ಹಾಕ್ಕೊಂಡವರ ಕಿವಿಗೂ ಬರುತ್ತೆ. 'ಮೈಕನ್ನ ತೊಟ್ಟಿಲ ಕಡೆ ಬಗ್ಗಿಸಿಡಿ. ಆಟಾನೂ ಕೇಳಿಸುತ್ತೆ, ಕೂಸಿನ ಉಸಿರೂ ಕೇಳಿಸುತ್ತೆ' ಅಂದರು. ಮೈಕಿನ ತುದಿಗೆ ಹೆಬ್ಬೆರಳಿನ ಉಗುರಿನಷ್ಟು ಕಪ್ಪು ಸ್ಪಂಜು ಸಿಕ್ಕಿಸಿ, ಇದು ಪುಕ್ಕಟೆ ಅಂದರು.

ಮರಿಗೆ ಎಷ್ಟು ಖುಷಿ ಅಂದರೆ ದಾರಿಯಲ್ಲೇ ಫೋನಿಗೆ ಸಿಕ್ಕಿಸಿ, ಆ ತಿರುಗುಣಿಯನ್ನೂ ತಿರುಗಿಸಿ ತಲೆಗೆ ಹಾಕ್ಕೊಂಡ. ಬೇಕರಿಯವನಿಗೆ ಫೋನ್ ಮಾಡಿದ.

'ಆಟದಲ್ಲಿ ಮಾತಾಡೋ ಹಾಗೇ ಮಾತಾಡು, ಕೇಳೋಣ' ಅಂದ ಅವನು.

ಆಗ ಇವನು ಬಾವಿ ಪಕ್ಕಕ್ಕೆ ಬಂದಿದ್ದ. ಯಾರಾದರೂ ಕೇಳಿ ನಕ್ಕಾರು ಅಂತ ಪಿಸುದನಿಯಲ್ಲಿ ಅಂದ. 'ನಾನು ಬಾವಿ ಹತ್ರ ಇದೀನಿ. ನನ್ನ ಹಿಂದೇನೇ ಬಾ... ಬಾಗಿಲು ತೆಗೀತೀನಿ. ಒಳಗೆ ಬಾ...'

ಆಟದಲ್ಲಿ ದಿನಾ ಹೇಳೋ ಮಾತು ಅದು. ಆದರೆ ಹೇಳಿದ ಜಾಗ ನೋಡಿ.

'ಪಕ್ಕದಲ್ಲೇ ಕೂತು ಹೇಳಿದ ಹಾಗಿದೆ ಕಣೋ' ಅಂದ ಬೇಕರಿಯವನು. ಆಮೇಲೆ, 'ಜೊತೆಗಿರೋದು ಯಾರು?'

'ಯಾರೂ ಇಲ್ಲ.'

'ಬರಿಗಾಲಲ್ಲಿ ನಡೀತಿದಾರಲ್ಲೋ...'

ಮರಿಗೂ ಕೇಳಿಸಿತು. ಚಪ್... ಚಪ್... ಒದ್ದೆ ಕಾಲು ನೆಲಕ್ಕೆ ಅಂಟಿ ಬಿಡೋ ಸದ್ದು. ಹಿಂದಿನಿಂದ, ಎಡಕ್ಕೆ. ಹೆಡ್‌ಸೆಟ್ ಕಿತ್ತು ತಿರುಗಿ ನೋಡಿದ. ಖಾಲಿ ಬೀದಿ. ಸದ್ದೂ ಇಲ್ಲ. ಮತ್ತೆ ಹಾಕ್ಕೊಂಡ. ಚಪ್... ಇವನು ನಿಂತರೆ ಅದೂ ನಿಲ್ಲುತ್ತೆ. ಆದರೆ ಒಂದು ಹೆಜ್ಜೆ ತಡವಾಗಿ.

ಮನೆ ಬಾಗಿಲು ತೆಗೆಯುವಾಗ ಅದು ಎಷ್ಟು ಹತ್ರ ಬಂತು ಅಂದರೆ, ಮರಿ ತನಗೇ ಗೊತ್ತಿಲ್ಲದೆ ಪಕ್ಕಕ್ಕೆ ಸರಿದು ನಿಂತ. ಒಳಗೆ ಬ್ಯಾಗು ಹಿಡ್ಕೊಂಡು ಕಾಯ್ತಿದ್ದ ಹೆಂಡತಿ ಕೇಳಿದಳು. 'ಯಾರಿಗೆ ದಾರಿ ಬಿಡ್ತಿದೀರಿ?'

'ಯಾರಿಗೂ ಇಲ್ಲ' ಅಂದ. ಇನ್ನೇನು ಹೇಳ್ತಾನೆ? ಅವಳು ಬಸ್ಸಿಗೆ ಓಡಿದಳು.

ಹೆದರಿಕೆ ಆದರೂ ಆವತ್ತು ಆಟಕ್ಕೆ ಕೂತ. ಹೊಸ ವಸ್ತು ತಂದವರಿಗೆ ಗೊತ್ತು ಆ ಚಪಲ. ಮೈಕನ್ನ ತೊಟ್ಟಿಲ ಕಡೆ ಬಗ್ಗಿಸಿದ. ಕೂಸಿನ ಉಸಿರು ಎಷ್ಟು ಚೆನ್ನಾಗಿ ಕೇಳಿಸ್ತಿತ್ತು... ಸುಯ್... ಸುಯ್... ಅಂತ. ಹೆಜ್ಜೆ ಸದ್ದು ಇರಲಿಲ್ಲ. ನನ್ನ ಭ್ರಮೆ ಅಂದುಕೊಂಡ. ಆಟ ರಂಗೇರಿತು, ಗುಂಡಿನ ಸದ್ದಲ್ಲಿ ಬೇರೆಲ್ಲ ಮುಳುಗಿತು.

ಆಗ ಬೇಕರಿಯವನು ಕೇಳಿದ. 'ಅತ್ತಿಗೆಗೆ ಇವತ್ತು ರಜಾನಾ?'

'ಇಲ್ವಲ್ಲ. ಯಾಕೋ?'

'ಮತ್ತೆ ಕೂಸನ್ನ ಶ್ಶ್... ಶ್ಶ್... ಅಂತ ತಟ್ತಿರೋದು ಯಾರೋ?'

ಮರಿ ಮೌಸ್ ಬಿಟ್ಟ. ಮೆಲ್ಲಗೆ ತಿರುಗಿದ. ತೊಟ್ಟಿಲ ಹತ್ರ ಯಾರೂ ಇಲ್ಲ. ಕೂಸು ಕಣ್ಣು ಬಿಟ್ಟುಕೊಂಡು ಮೇಲೆ ನೋಡ್ತಿತ್ತು. ಅಳ್ತಿರಲಿಲ್ಲ... ನಗ್ತಿತ್ತು.

ಮಾರನೇ ದಿನ ಅಂಗಡಿಗೆ ಓಡಿದ. ಅಂಗಡಿಯವರು ಹಾಕ್ಕೊಂಡು, ಬಿಚ್ಚಿ, ತಿರುಗಿಸಿ ನೋಡಿದರು. 'ಏನೂ ಆಗಿಲ್ಲವಲ್ಲ. ಇದು ಇರೋ ಸದ್ದನ್ನ ಕೇಳಿಸುತ್ತೆ. ಇಲ್ಲದ ಸದ್ದನ್ನ ಹುಟ್ಟಿಸೋ ಶಕ್ತಿ ಇದಕ್ಕಿಲ್ಲ.'

'ಹೆಜ್ಜೆ ಎಡಗಡೆಯಿಂದ ಕೇಳಿಸ್ತು ಸರ್.'

'ಆಟದ ಹೆಜ್ಜೆ ಇರಬೇಕು. ಹೊರಗಿನದ್ದಾದರೆ ಸಾಧ್ಯ ಇಲ್ಲ. ಇರೋದೇ ಒಂದು ಮೈಕು, ಅದಕ್ಕೆ ಎಡ ಬಲ ಗೊತ್ತಾಗಲ್ಲ.' ಇವನ ಮುಖ ನೋಡಿ ಪಾಪ ಅನ್ನಿಸಿರಬೇಕು. 'ಬೇಡ ಅಂದರೆ ಬಿಟ್ಟು ಹೋಗಿ, ದುಡ್ಡು ವಾಪಸ್ ಕೊಡ್ತೀನಿ' ಅಂದರು.

ಮರಿ ಅಲ್ಲೇ ನಿಂತು ಯೋಚಿಸಿದ. ಕೊಟ್ಟು ಬಿಟ್ಟರೆ ಸದ್ದು ಹೋಗುತ್ತೆ. ಮನೆ ಒಳಗೆ ಬಂದದ್ದು ಹೋಗುತ್ತಾ? ಅದು ತೊಟ್ಟಿಲ ಹತ್ರ ಏನು ಮಾಡ್ತಿದೆ ಅಂತ ಆಮೇಲೆ ಕೇಳಿಸೋದಾದರೂ ಹೇಗೆ? ಏನೂ ತೋಚದೆ ಅದನ್ನ ಮತ್ತೆ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

ಆ ರಾತ್ರಿ ಆಟ ಆಡಲಿಲ್ಲ. ಬೇಕರಿಯವನಿಗೂ ಬರಲ್ಲ ಅಂದ. ಹೆಡ್‌ಸೆಟ್ ಹಾಕ್ಕೊಂಡು ತೊಟ್ಟಿಲ ಪಕ್ಕವೇ ಕೂತ. ಸುಯ್... ಸುಯ್... ಕೂಸಿನ ಉಸಿರು. ಆಮೇಲೆ ಚಪ್... ಚಪ್... ತೊಟ್ಟಿಲವರೆಗೆ ಬಂತು. ನಿಂತಿತು. ಬಟ್ಟೆ ಸರಿದ ಹಾಗೆ ಸರ್ ಅಂತ ಒಂದು ಸದ್ದು.

ಚಪ್... ಚಪ್... ಅದು ಹಿಂದಕ್ಕೆ ಹೊರಟಿತು. ಬಾಗಿಲ ಕಡೆಗೆ.

ಕೂಸಿನ ಉಸಿರೂ ಅದರ ಜೊತೆ ಹೊರಟಿತು.

ನಾನು ಹೇಳಿದ್ದು ಕೇಳಿಸ್ತಾ? ಕೂಸು ತೊಟ್ಟಿಲಲ್ಲೇ ಇದೆ. ಮರಿಯ ಕಣ್ಣ ಮುಂದೆ ಇದೆ. ಆದರೆ ಉಸಿರು ಎಡಕ್ಕೆ... ಇನ್ನೂ ಎಡಕ್ಕೆ... ಬಾಗಿಲಾಚೆಗೆ ಹೋಗ್ತಿದೆ. ಸುಯ್... ಸು... ಸಣ್ಣಗಾಗ್ತಿದೆ. ಇವನು ಕೂಸನ್ನ ಎತ್ತಿದ. ಕತ್ತು ಜೋತು ಬಿತ್ತು. ತುಟಿ ನೀಲಿ. ಬೆನ್ನು ತಟ್ಟಿದ, ಬಾಯಿಗೆ ಬಾಯಿ ಇಟ್ಟು ಊದಿದ, ಹೆಸರು ಹಿಡಿದು ಕೂಗಿದ. ಏನು ಮಾಡಿದರೂ ಇಲ್ಲ. ಬಾಗಿಲಿಗೆ ಓಡೋಣ ಅಂದರೆ ಓಡಿ ಯಾರನ್ನ ಹಿಡೀಬೇಕು? ಎದುರಿಗೆ ಒಬ್ಬ ಇದ್ದರೆ ಕಾಲಾದರೂ ಹಿಡೀಬಹುದು. ಅಷ್ಟು ದೊಡ್ಡ ಆಳು, ಕೂಸನ್ನ ಎದೆಗೆ ಒತ್ತಿಕೊಂಡು ಗೊಳೋ ಅಂತ ಅತ್ತ.

ಆಮೇಲೆ ಹೊಳೀತು. ಅದು ಕೇಳಿದ್ದು ಇವನ ಒಂದೇ ಒಂದು ಮಾತು, ಬಾವಿ ಹತ್ರ ಆಡಿದ್ದು.

ಮೈಕನ್ನ ಬಾಯಿಗೆ ತಿರುಗಿಸಿದ. ಹೇಳಬಾರದು ಅಂತ ಗೊತ್ತಿತ್ತು. ಹೇಳದೆ ಬೇರೆ ಗತಿ ಇರಲಿಲ್ಲ.

'ಬಾ... ಬಾಗಿಲು ತೆಗೆದಿದೆ. ಒಳಗೆ ಬಾ...'

ಮೌನ. ಬಹಳ ಹೊತ್ತು ಮೌನ. ಆಮೇಲೆ ದೂರದಲ್ಲಿ... ಚಪ್... ಚಪ್... ಜೊತೆಗೆ, ಸುಯ್... ತೋಳಲ್ಲಿದ್ದ ಕೂಸು ಕೆಮ್ಮಿ, ಕಿಟಾರನೆ ಕಿರುಚಿತು.

ಅಷ್ಟೇ. ಇದಕ್ಕೆ ಮುಂದೆ ಪರಿಹಾರ ಗಿರಿಹಾರ ಏನೂ ಇಲ್ಲ. ಹೆಂಡತಿ ಮೊದಲು ನಂಬಲಿಲ್ಲ. ನಿದ್ದೆಗೆಟ್ಟು ತಲೆ ಕೆಟ್ಟಿದೆ ಅಂತ ಗಂಡನನ್ನೂ ಕೂಸನ್ನೂ ಹತ್ರದಲ್ಲೇ ಇದ್ದ ತವರಿಗೆ ಕರ್ಕೊಂಡು ಹೋದಳು. ಹೆಡ್‌ಸೆಟ್ ಮನೆಯಲ್ಲೇ ಬಿಟ್ಟು. ಆ ರಾತ್ರಿ ಕೂಸಿನ ತುಟಿ ನೀಲಿಯಾದಾಗ ಅವಳ ನರ್ಸು ವಿದ್ಯೆ ಯಾವುದೂ ಕೆಲಸಕ್ಕೆ ಬರಲಿಲ್ಲ. ಸಿಕ್ಕ ಗಾಡಿ ಹತ್ತಿ ವಾಪಸ್ ಬಂದರು. ಚಪ್ಪಲಿ ಕೂಡ ಬಿಡದೆ ಮರಿ ಒಳಗೆ ಓಡಿ ಮೈಕು ಹಿಡಿದ. ಅವಳೂ ಕರೆದು ನೋಡಿದಳು, ಬರಲಿಲ್ಲ. ಅದು ಮರಿಯ ದನಿಗೆ ಮಾತ್ರ ಬರುತ್ತೆ.

ಈಗ ಕೂಸು ಓಡಾಡುತ್ತೆ, ಚೂಟಿ. ಮರಿ ದಿನಾ ರಾತ್ರಿ ಕೂಸು ಮಲಗಿದ ಮೇಲೆ ಹೆಡ್‌ಸೆಟ್ ಹಾಕ್ಕೊಂಡು ಕೂರ್ತಾನೆ. ಉಸಿರು ಬಾಗಿಲು ದಾಟುತ್ತೆ, ಇವನು ಕರೀತಾನೆ, ಬರುತ್ತೆ. ಬೆಳಗಾಗುತ್ತೆ. ಮೆತ್ತೆಯ ಚರ್ಮ ಸುಲಿದು ಕತ್ತಿಗೆಲ್ಲ ಕಪ್ಪು ಚೂರು. ಹೆಂಡತಿ ರಾತ್ರಿ ಪಾಳಿ ಬಿಟ್ಟಿದಾಳೆ. ಹಗಲೆಲ್ಲ ಅವನಿಗೆ ಬಿಸಿನೀರು ಕುಡಿಸ್ತಾಳೆ, ಗಂಟಲಿಗೆ ಮಫ್ಲರ್ ಸುತ್ತಿಸ್ತಾಳೆ. ಮನೆಯಲ್ಲಿ ಐಸ್‌ಕ್ರೀಮ್ ತರೋ ಹಾಗಿಲ್ಲ. ನೆಂಟರು ನಗ್ತಾರೆ. ಅವಳು ನಗಲ್ಲ. ಹೋದ ತಿಂಗಳು ಅವನಿಗೆ ನೆಗಡಿಯಾಗಿ ದನಿ ಒಡೀತು ನೋಡಿ, ಅವಳು ಅಡುಗೆಮನೆಯಲ್ಲಿ ನಿಂತು ಅತ್ತದ್ದನ್ನ ನಾನೇ ನೋಡಿದೀನಿ.

ನಾನು ಹೋಗಿದ್ದದ್ದು ಹಗಲಲ್ಲಿ. ಹೆಡ್‌ಸೆಟ್ಟು ಮೇಜಿನ ಮೇಲಿತ್ತು. 'ಮುಟ್ಟಬೇಡ, ಇನ್ನೂ ಹಿಂಡಿಲ್ಲ' ಅಂದ ಮರಿ, ಪಿಸುದನಿಯಲ್ಲಿ. ಹಗಲಲ್ಲಿ ಅವನು ದನಿ ಉಳಿಸ್ಕೋತಾನೆ. ಏನು ಹಿಂಡೋದು ಅಂತ ನಾನು ಮೈಕಿನ ತುದಿಯ ಸ್ಪಂಜು ತೆಗೆದೆ. ಉಗುರಿನಷ್ಟು ಸ್ಪಂಜು, ಗೊತ್ತಲ್ಲ, ಆ ಪುಕ್ಕಟೆ ಕೊಟ್ಟದ್ದು. ಮರಿ ಒಂದು ಲೋಟ ತಂದು ಕೆಳಗೆ ಹಿಡಿದ. ನಾನು ಹಿಂಡಿದೆ.

ಇದೇ ಬೆರಳು ನೋಡಿ. ಇದೇ ಬೆರಳಲ್ಲಿ ಹಿಂಡಿದ್ದು. ತಣ್ಣಗಿನ ನೀರು, ಪಾಚಿ ವಾಸನೆ. ಲೋಟ ತುಂಬಿತು.