ಅಪ್ಪನ ಚಿಕ್ಕ ಕಾಪಿ

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನ ಮೇಲೆ ಅವಳು ತನ್ನ ಸರದಿಗೆ ಕಾಯುತ್ತಿದ್ದಳು. ರಿಪೇರಿಯವನ ಹತ್ತಿರ ಮಾತಾಡಿ ಬಂದ ಅಕ್ಕ ತಮ್ಮ ಇಬ್ಬರು ಪಕ್ಕದಲ್ಲೇ ಕುಸಿದು ಕೂತರು. ಬೇಡವೆಂದರೂ ಅವರ ಜಗಳ ಕಿವಿಗೆ ಬಿತ್ತು.

“ಎಡಿಟ್ ಮಾಡುವಾಗ ಅಪ್ಪನ ವಿಡಿಯೊ ತಡವರಿಸ್ತಿತ್ತು ಅಕ್ಕಾ. ಅದಕ್ಕೇ ಕ್ವಾಲಿಟಿ ಇಳಿಸಿ ಚಿಕ್ಕ ಕಾಪಿ ಮಾಡ್ಕೊಂಡೆ. ಆಮೇಲೆ ಸಲೀಸಾಗಿ ಓಡ್ತು.”

“ಓಡ್ತಲ್ಲ, ಅಲ್ಲಿಗೆ ಕೈ ಕಟ್ಕೊಂಡು ಕೂರಬೇಕಿತ್ತು. ದೊಡ್ಡದನ್ನ ಯಾಕೋ ಅಳಿಸಿದೆ?”

“ಜಾಗ ಇರಲಿಲ್ಲ. ಎರಡೂ ಒಂದೇ ಅಂದ್ಕೊಂಡೆ.”

“ಚಿಕ್ಕದು ಕೆಲಸ ಮಾಡುವಾಗ ನೋಡ್ಕೊಳ್ಳೋಕೆ ಮಾತ್ರ ಕಣೋ! ಅಪ್ಪ ಕ್ಯಾಮೆರಾ ಮುಂದೆ ಕೂತಿದ್ದು ಅದೊಂದೇ ಸಲ. ಮತ್ತೆ ಕೂರಿಸೋಕೆ ಎಲ್ಲಿಂದ ಕರ್ಕೊಂಡು ಬರ್ತೀಯ ಅವರನ್ನ?”

“ಬೇರೆ ಅಂಗಡೀಲಿ ಕೇಳೋಣ. ಅಳಿಸಿದ್ದು ವಾಪಸ್ ಬರುತ್ತಂತೆ.”

“ಆ ಜಾಗಕ್ಕೆ ನಿನ್ನ ಕ್ರಿಕೆಟ್ ವಿಡಿಯೊ ತುಂಬಿಸಿದ ಮೇಲೆ ಬರಲ್ಲ ಅಂತ ಈಗ ತಾನೇ ಹೇಳಿದ್ರಲ್ಲ. ಕಿವಿ ಮನೇಲಿ ಬಿಟ್ಟು ಬಂದಿದ್ದೀಯಾ?”

ಕೇಳುತ್ತಿದ್ದವಳು ತನ್ನ ಲ್ಯಾಪ್‌ಟಾಪಿನ ಚೀಲವನ್ನು ಮೆಲ್ಲನೆ ಹತ್ತಿರಕ್ಕೆ ಎಳೆದುಕೊಂಡಳು.

“ಚಿಕ್ಕದರಲ್ಲೂ ಅಪ್ಪ ಕಾಣ್ತಾರಲ್ಲ.”

“ಫೋನಲ್ಲಿ ಕಾಣ್ತಾರೆ. ಅಪ್ಪನ ಪುಣ್ಯತಿಥಿಗೆ ಹಾಕೋ ಗೋಡೆಯಗಲದ ಪರದೆ ಮೇಲೆ ಮೂಗು ಯಾವುದು, ಬಾಯಿ ಯಾವುದು ಗೊತ್ತಾಗಲ್ಲ.”

“ಅಮ್ಮನಿಗೆ ಹೇಳ್ಬೇಡ.”

“ಹೇಳಲ್ಲ. ಸಂಜೆ ಎಲ್ಲರ ಮುಂದೆ ಹಾಕಿದಾಗ ಅವಳು ಕನ್ನಡಕ ಒರೆಸಿ ಒರೆಸಿ ನೋಡ್ತಾಳೆ. ಪಕ್ಕದಲ್ಲಿ ನೀನೇ ಕೂತ್ಕೋ.”

ಅಕ್ಕ ಎದ್ದು ಹೊರಟಳು. ತಮ್ಮ ಲ್ಯಾಪ್‌ಟಾಪ್ ಎತ್ತಿಕೊಂಡು ಅವಳ ಹಿಂದೆ ಹೋದ.