ಅರವತ್ತಮೂರನೇ ಹಾಡಿನ ಶ್ರುತಿ

ಸಭೆಯ ಅಧ್ಯಕ್ಷರೇ, ನನ್ನ ಬಗ್ಗೆ ಅರ್ಧ ಗಂಟೆ ಒಳ್ಳೆಯ ಮಾತನ್ನೇ ಹುಡುಕಿ ಹುಡುಕಿ ಆಡಿದ ಮುಖ್ಯ ಅತಿಥಿಗಳೇ, ನಮ್ಮ ವಾದ್ಯತಂಡದ ಗೆಳೆಯರೇ, ಮೊದಲ ಸಾಲಿನಲ್ಲಿ ಕುಳಿತು ‘ಬೇಗ ಮುಗಿಸಿ’ ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನ ಹೆಂಡತಿಯೇ, ಫ್ಯಾನಿನ ಕೆಳಗಿನ ಜಾಗ ನೋಡಿ ಹಿಡಿದಿರುವ ಜಾಣ ಸಭಿಕರೇ,

ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು ಎಂಬುದು ನಿಮಗೆಲ್ಲ ಗೊತ್ತು. ಅವರ ಮುಂದೆ ಬಾಯಿ ತೆರೆಯುವುದು ನನಗೆ ಹೊಸದಲ್ಲ. ಬಾಯಿ ತೆರೆದ ಮೇಲೆ ಮಾತಾಡಲು ಬಿಟ್ಟಿರುವುದು ಮಾತ್ರ ಇದೇ ಮೊದಲು. ಆದ್ದರಿಂದ ಸ್ವಲ್ಪ ಜಾಸ್ತಿಯಾದರೆ ಸಹಿಸಿಕೊಳ್ಳಬೇಕು.

ಮೂವತ್ತೆಂಟು ವರ್ಷ ಕೀಬೋರ್ಡ್ ನುಡಿಸಿ ಇವತ್ತು ಬಿಡುತ್ತಿರುವವನು ನಾನು. ಹಾಡುಗಾರರು ಮುಂದೆ ನಿಲ್ಲುತ್ತಾರೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಫೋಟೋಗಳಲ್ಲಿ ನನ್ನ ಅರ್ಧ ಮುಖ ಬರುತ್ತದೆ, ಕೆಲವದರಲ್ಲಿ ಮೊಣಕೈ ಮಾತ್ರ. ಇವತ್ತು ಪೂರ್ತಿ ನಿಂತಿದ್ದೇನೆ. ನಿಂತು ಏನು ಮಾಡಬೇಕೆಂದು ಕಾರ್ಯದರ್ಶಿಗಳನ್ನು ಕೇಳಿದೆ. “ಏನಿಲ್ಲ ಸಾರ್, ನಿಮಗೆ ತುಂಬಾ ಇಷ್ಟವಾದ ಮೂರು ಹಾಡಿನ ಬಗ್ಗೆ ಹತ್ತು ನಿಮಿಷ ಮಾತಾಡಿ, ಸಾಕು” ಎಂದರು. ಒಪ್ಪಿದೆ. ಆದರೆ ಎರಡು ಷರತ್ತು ಹಾಕಿದೆ. ಒಂದು, ಈ ವೇದಿಕೆಯ ಮೇಲೆ ನನ್ನ ಕೀಬೋರ್ಡ್ ಇರಬೇಕು. ಇದೆ, ಅಗೋ ಅಲ್ಲಿ. ಇನ್ನೊಂದು, ನಮ್ಮ ಅಕ್ಕನಿಗೆ ಆಹ್ವಾನ ಹೋಗಬೇಕು. ಅದೂ ಹೋಗಿದೆ. ಐದನೇ ಸಾಲಿನಲ್ಲಿ, ಕಂಬದ ಪಕ್ಕ, ಕನ್ನಡಕ ಒರೆಸುತ್ತಾ ಕುಳಿತಿದ್ದಾಳೆ. ತಿರುಗಿ ನೋಡಬೇಡಿ, ಅವಳಿಗೆ ಸಿಟ್ಟು ಬರುತ್ತದೆ. ಅಯ್ಯೋ, ಎಲ್ಲರೂ ತಿರುಗಿಯೇ ಬಿಟ್ಟಿರಲ್ಲ!

ಇಪ್ಪತ್ತೈದು ವರ್ಷ ನಮ್ಮ ತಂಡದಲ್ಲಿ ಹಾಡಿದವಳು ಅವಳು. ಆರು ವರ್ಷದಿಂದ ಹಾಡಿಲ್ಲ. ಯಾಕೆ ಹಾಡಿಲ್ಲ? ಅದನ್ನು ಹೇಳುವ ಧೈರ್ಯ ಬರಲಿ ಎಂದೇ ಇಷ್ಟು ಸುತ್ತಿಕೊಂಡು ಬರುತ್ತಿದ್ದೇನೆ.

ನಮ್ಮ ತಂಡದಲ್ಲಿ ಹಾಡಿಗೆ ಹೆಸರಿಲ್ಲ, ನಂಬರು. ಒಂದು ದಪ್ಪ ರಿಜಿಸ್ಟರಿನಲ್ಲಿ ನೂರಿಪ್ಪತ್ತು ಹಾಡು ಬರೆದಿಟ್ಟಿದ್ದೇವೆ. ವೇದಿಕೆಯ ಮೇಲೆ ಹಾಡಿನ ಪಲ್ಲವಿ ಹೇಳುತ್ತಾ ಕೂರಲು ಆಗುತ್ತದೆಯೇ? “ಹದಿನೇಳು” ಎಂದರೆ ಸಾಕು, ಎಲ್ಲರ ಕೈಯೂ ತನ್ನ ಜಾಗಕ್ಕೆ ಹೋಗುತ್ತದೆ. ಒಮ್ಮೆ ನನ್ನ ಮಗಳು ಗಣಿತದ ಪರೀಕ್ಷೆಗೆ ಓದುವಾಗ ಗಟ್ಟಿಯಾಗಿ ಲೆಕ್ಕ ಹೇಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ನನ್ನ ತಲೆಯೊಳಗೆ ಪೂರ್ತಿ ಕಾರ್ಯಕ್ರಮವೇ ನಡೆದುಹೋಯಿತು.

ನನ್ನ ಮೊದಲ ಹಾಡು ಹದಿನೇಳು. ನಮ್ಮಮ್ಮ ಬಟ್ಟೆ ಹೊಲಿಯುತ್ತಿದ್ದಳು. ಒಂದೇ ಕೋಣೆಯ ಮನೆ, ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಮಿಷನ್ನು. ಅಮ್ಮ ತುಳಿಯುತ್ತಿದ್ದರೆ ಅಕ್ಕ ಹಾಡುತ್ತಿದ್ದಳು, ನಾನು ಗುಂಡಿಗಳ ತಗಡಿನ ಡಬ್ಬಿ ಬಡಿಯುತ್ತಿದ್ದೆ. ತಾಳ ನಮ್ಮದಲ್ಲ, ಮಿಷನ್ನಿನದು. ಅಂಚಿಗೆ ಬಂದಾಗ ಅಮ್ಮ ಬಟ್ಟೆ ತಿರುಗಿಸಬೇಕಲ್ಲ, ಮಿಷನ್ನು ಅರೆಕ್ಷಣ ನಿಲ್ಲುತ್ತಿತ್ತು. ನಾವೂ ನಿಲ್ಲುತ್ತಿದ್ದೆವು. ಆ ಹಾಡನ್ನು ನಾವು ಕಲಿತದ್ದೇ ಹಾಗೆ, ನಡುವೆ ಒಂದು ತುಂಡು ಮೌನ ಸೇರಿಸಿಕೊಂಡು. ತಂಡಕ್ಕೆ ಸೇರಿದ ಮೇಲೆ ನಮ್ಮ ಡ್ರಮ್ಮಿನವನು, ಗುಡುಗು ಅಂತ ಕರೆಯುತ್ತೇವೆ, ಮೊದಲ ದಿನವೇ ರೇಗಿದ: “ಅಲ್ಲಿ ಯಾಕ್ರಯ್ಯಾ ನಿಲ್ಲಿಸ್ತೀರ ಅಕ್ಕ ತಮ್ಮ ಇಬ್ರೂ? ಏನಾಯ್ತು?” ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. “ಬಟ್ಟೆ ತಿರುಗಿಸ್ತಾ ಇದೀವಿ” ಎಂದಳು. ಗುಡುಗಿಗೆ ಇವತ್ತಿನವರೆಗೂ ಅರ್ಥವಾಗಿರಲಿಲ್ಲ. ಈಗ ಆಯ್ತೇನಪ್ಪ?

ಎರಡನೆಯದು ನಲವತ್ತೆರಡು. ಇದರ ಬಗ್ಗೆ ಜಾಸ್ತಿ ಹೇಳಿದರೆ ಮನೆಗೆ ಹೋಗುವುದು ಕಷ್ಟ. ಕಾರ್ಯಕ್ರಮಗಳಲ್ಲಿ ಜನ ಚೀಟಿ ಬರೆದು ಹಾಡು ಕೇಳುತ್ತಾರೆ. ಚೀಟಿ ಓದುವ ಕೆಲಸ ಅಕ್ಕನದು. ಒಂದು ವರ್ಷ ಎಲ್ಲಿ ಹೋದರೂ ನಲವತ್ತೆರಡಕ್ಕೆ ಒಂದು ಚೀಟಿ ಬರುತ್ತಿತ್ತು, ಒಂದೇ ದುಂಡು ಅಕ್ಷರ. ಆ ಹಾಡಿನ ನಡುವೆ ಕೀಬೋರ್ಡಿಗೇ ಒಂದು ಉದ್ದನೆಯ ಭಾಗವಿದೆ. ಒಂದು ದಿನ ಅಕ್ಕ ಮೈಕಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ಬಾಗಿ, “ಲೋ, ಈ ಚೀಟಿ ನನ್ನ ಹಾಡು ಕೇಳೋರದ್ದಲ್ಲ ಕಣೋ. ಎಡಗಡೆ ಮೂರನೇ ಕುರ್ಚಿ. ತಲೆ ಎತ್ತು, ನಗು” ಎಂದಳು. ಎತ್ತಿದೆ, ನಕ್ಕೆ. ಮದುವೆಯಾದೆ. ಮದುವೆಯಾಗಿ ಎರಡು ವರ್ಷದ ಮೇಲೆ ನನ್ನವಳು ನಿಜ ಬಾಯಿಬಿಟ್ಟಳು: “ನಿಮಗೋಸ್ಕರ ಅಲ್ಲಾರೀ. ನಿಮ್ಮ ಗುಡುಗು ಸುಮ್ಮನಿರೋ ಹಾಡು ಅದೊಂದೇ. ತಲೆನೋವು ತಡೆಯೋಕಾಗ್ತಿರಲಿಲ್ಲ.” ಇರಲಿ. ಬಂದದ್ದಂತೂ ಬಂದಳು.

ಮೂರನೆಯದು ಅರವತ್ತಮೂರು.

ಸ್ವಲ್ಪ ನೀರು ಕುಡಿಯುತ್ತೇನೆ.

ಈ ಹಾಡಿನ ಎರಡನೇ ಚರಣದಲ್ಲಿ ಒಂದು ಎತ್ತರದ ಸ್ವರವಿದೆ. ಅಕ್ಕ ಮೆಟ್ಟಿಲು ಹತ್ತಿದಂತೆ ಹತ್ತಿ ಅಲ್ಲಿ ನಿಲ್ಲುತ್ತಿದ್ದಳು. ಎಷ್ಟು ಹೊತ್ತು ನಿಲ್ಲಬೇಕೆಂಬ ಲೆಕ್ಕವಿಲ್ಲ. ನಾನು ತಲೆ ಆಡಿಸಿದಾಗ ಇಳಿಯಬೇಕು. ಅದಕ್ಕಾಗಿ ಅಲ್ಲಿ ಅವಳು ನನ್ನ ಕಡೆ ತಿರುಗುತ್ತಿದ್ದಳು. ಇಡೀ ಕಾರ್ಯಕ್ರಮದಲ್ಲಿ ಅವಳು ಸಭೆಗೆ ಬೆನ್ನು ಕೊಟ್ಟು ನನ್ನನ್ನು ನೋಡುತ್ತಿದ್ದುದು ಅಲ್ಲೊಂದೇ ಕಡೆ. ಬೇಕಂತಲೇ ನಾನು ತಲೆ ಆಡಿಸುವುದನ್ನು ತಡ ಮಾಡುತ್ತಿದ್ದೆ. ಅವಳು ಕಣ್ಣಲ್ಲೇ ಬೈಯುತ್ತಿದ್ದಳು, ಸ್ವರ ಮಾತ್ರ ಅಲ್ಲಾಡುತ್ತಿರಲಿಲ್ಲ. ಆ ಹಾಡು ನನಗೆ ಯಾಕೆ ಇಷ್ಟ ಎಂದರೆ ಇಷ್ಟಕ್ಕೇ. ರಾಗವೂ ಅಲ್ಲ, ಸಾಹಿತ್ಯವೂ ಅಲ್ಲ.

ಅವಳಿಗೆ ನಲವತ್ತೈದು ದಾಟಿದ ವರ್ಷ ಒಂದು ದಿನ ಆ ಸ್ವರದಲ್ಲಿ ಅವಳ ಕತ್ತಿನ ನರ ಉಬ್ಬಿತು. ಬೇರೆ ಯಾರಿಗೂ ಕಾಣಲಿಲ್ಲ, ನನಗೆ ಕಂಡಿತು. ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಒಂದು ಸಲ ಒತ್ತಿದರೆ ಶ್ರುತಿ ಅರ್ಧ ಸ್ವರ ಕೆಳಗಿಳಿಯುತ್ತದೆ. ಬೆರಳು ಹಳೆಯ ಜಾಗದಲ್ಲೇ ಓಡುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಒಂದು ಸಲ ಒತ್ತಿದೆ. ಹಾಡಿ ಬಂದವಳು ಮುಖ ಅರಳಿಸಿಕೊಂಡು, “ಇವತ್ತು ಗಂಟಲು ನೋಡಿದ್ಯೇನೋ? ಬೆಣ್ಣೆ!” ಎಂದಳು. ನಾನು “ಹೌದಕ್ಕಾ” ಎಂದೆ.

ಸಭಿಕರೇ, ನನ್ನ ಜೀವನದ ದೊಡ್ಡ ತಪ್ಪು ಯಾವುದು ಎಂದು ಕೇಳಿದರೆ ಗುಂಡಿ ಒತ್ತಿದ್ದಲ್ಲ. ಆ “ಹೌದಕ್ಕಾ.”

ಹತ್ತು ವರ್ಷದಲ್ಲಿ ಒಂದು ಎರಡಾಯಿತು, ಎರಡು ಮೂರಾಯಿತು, ಮೂರು ನಾಲ್ಕಾಯಿತು. ನಾನೊಬ್ಬನೇ ಇಳಿದರೆ ಸಾಲದಲ್ಲ, ತಂಡವೂ ಜೊತೆಗೆ ಇಳಿಯಬೇಕು. ಎಲ್ಲರನ್ನೂ ಒಳಗೆ ಹಾಕಿಕೊಂಡೆ. ಗಿಟಾರಿನವನು ತಂತಿ ಸಡಿಲಿಸಿದ. ಕೊಳಲು ಉದ್ದವಾದಷ್ಟೂ ಶ್ರುತಿ ಇಳಿಯುತ್ತದೆ, ಹಾಗಾಗಿ ಕೊಳಲಿನವನು ಪ್ರತಿ ಸಲ ಇನ್ನೂ ಉದ್ದದ ಕೊಳಲು ತರಬೇಕಾಗುತ್ತಿತ್ತು. “ಹೊಸದೇನೋ?” ಎಂದು ಅಕ್ಕ ಕೇಳಿದರೆ, “ಹೂಂ ಅಕ್ಕ, ಹಳೇದು ಬಿರುಕು ಬಿಡ್ತು” ಎನ್ನುತ್ತಿದ್ದ. ಹತ್ತು ವರ್ಷದಲ್ಲಿ ಅವನ ನಾಲ್ಕು ಕೊಳಲು ಬಿರುಕು ಬಿಟ್ಟವು. “ಪಾಪ, ನಿಂಗೆ ಒಳ್ಳೇ ಕೊಳಲೇ ಸಿಗಲ್ವಲ್ಲೋ” ಎಂದು ಅಕ್ಕ ಮರುಗಿದ್ದೂ ಉಂಟು. ನಗಿ, ನಗಿ. ನಾವೂ ಆಗ ನಗುತ್ತಿದ್ದೆವು.

ಆಮೇಲೆ ಆ ಮಧ್ಯಾಹ್ನ. ಒಂದು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಭೆ. ನಿರೂಪಕರು ಅಕ್ಕನನ್ನು ಹೊಗಳಿದರು. ಅಕ್ಕ ಮೈಕಿನಲ್ಲಿ, “ಇಪ್ಪತ್ತೈದು ವರ್ಷದಿಂದ ಒಂದೇ ಶ್ರುತಿಯಲ್ಲಿ ಹಾಡ್ತಾ ಇದೀನಿ” ಎಂದಳು. ಚಪ್ಪಾಳೆ. ನಾನು ತಲೆ ಬಗ್ಗಿಸಿದೆ. ಅಷ್ಟರಲ್ಲಿ ಕರೆಂಟು ಹೋಯಿತು. ಐದು ನಿಮಿಷಕ್ಕೆ ಬಂತು. “ಅರವತ್ತಮೂರು” ಎಂದಳು ಅಕ್ಕ. ನುಡಿಸಿದೆ.

ಕರೆಂಟು ಹೋಗಿ ಬಂದರೆ ಆ ಗುಂಡಿಯ ಲೆಕ್ಕ ಸೊನ್ನೆಗೆ ಬಂದು ಕೂರುತ್ತದೆ. ಮತ್ತೆ ನಾಲ್ಕು ಸಲ ಒತ್ತಬೇಕು. ನಾನು ಮರೆತೆ. ಮೂವತ್ತೆರಡು ವರ್ಷ ಅನುಭವವಿದ್ದವನು ಮರೆತೆ. ಕೊಳಲಿನವನು ಒಂದು ಸಲ ಊದಿ, ಅಪಸ್ವರ ಕೇಳಿ, ಕೊಳಲು ಕೆಳಗಿಟ್ಟ. ಅಕ್ಕ ಮಾತ್ರ ನನ್ನನ್ನು ನಂಬಿಕೊಂಡು ಎತ್ತಿಯೇ ಬಿಟ್ಟಳು. ಎರಡನೇ ಚರಣದಲ್ಲಿ ಹತ್ತಿದಳು, ಹತ್ತಿದಳು, ಆ ಸ್ವರದಲ್ಲಿ ಗಂಟಲು ಒಡೆಯಿತು. ಸಭೆಯಲ್ಲಿ ಯಾರೋ ನಕ್ಕರು. ಅವಳು ಎಂದಿನಂತೆ ನನ್ನ ಕಡೆ ತಿರುಗಿದ್ದಳು. ನಾನು ತಲೆ ಆಡಿಸಲಿಲ್ಲ, ಕಣ್ಣು ತಪ್ಪಿಸಿದೆ.

ವಾಪಸ್ಸು ಬರುವಾಗ ವ್ಯಾನಿನಲ್ಲಿ, ಅಕ್ಕ ಮುಂದಿನ ಸೀಟಿನಲ್ಲಿ ಇದ್ದಾಳೆಂಬುದನ್ನೂ ಮರೆತು ಕೊಳಲಿನವನು, “ನಾಲ್ಕು ಒತ್ತಿರ್ಲಿಲ್ವಾ ಅಣ್ಣಾ?” ಎಂದುಬಿಟ್ಟ. ಅಕ್ಕ ತಿರುಗಲಿಲ್ಲ. “ಎಷ್ಟು ವರ್ಷದಿಂದ?” ಎಂದಳು. “ಹತ್ತು” ಎಂದೆ. “ಎಲ್ಲರಿಗೂ ಗೊತ್ತಾ?” ಗಿಟಾರಿನವನು ಕಿಟಕಿಯ ಕಡೆ ತಿರುಗಿದ. “ಡ್ರೈವರಿಗೂ ಗೊತ್ತಾ?” ಡ್ರೈವರು ಕನ್ನಡಿ ಸರಿ ಮಾಡಿಕೊಂಡ.

ಮನೆಯ ಮುಂದೆ ಇಳಿಯುವಾಗ ಒಂದೇ ಮಾತು ಹೇಳಿದಳು: “ನನ್ನ ಗಂಟಲು ಕಣೋ ಅದು. ಇಳೀತಾ ಇದ್ರೆ ನನಗೆ ಹೇಳೋನು ನೀನಲ್ದೆ ಇನ್ಯಾರು?”

ಅಷ್ಟೇ. ಆಮೇಲೂ ಮನೆಗೆ ಬರುತ್ತಾಳೆ, ನನ್ನ ಹೆಂಡತಿಯ ಜೊತೆ ಕಾಫಿ ಕುಡಿಯುತ್ತಾಳೆ, ಮಗಳ ಕಿವಿ ಹಿಂಡುತ್ತಾಳೆ. ನನ್ನನ್ನು “ಊಟ ಆಯ್ತಾ” ಎಂದೂ ಕೇಳುತ್ತಾಳೆ. ಹಾಡು ಎಂಬ ಮಾತು ಮಾತ್ರ ಎತ್ತುವುದಿಲ್ಲ. ತಂಡಕ್ಕೆ ಹೊಸ ಹುಡುಗಿ ಬಂದಳು. ಚೆನ್ನಾಗಿ ಹಾಡುತ್ತಾಳೆ, ಇಲ್ಲೇ ಇದ್ದಾಳೆ. ರಿಜಿಸ್ಟರು ನೋಡಿ ಕೇಳಿದಳು: “ಸಾರ್, ಅರವತ್ತೆರಡಾದ ಮೇಲೆ ಅರವತ್ನಾಲ್ಕಿದೆ. ಅರವತ್ತಮೂರು ಎಲ್ಲಿ?” “ಬರೆಯೋವಾಗ ಬಿಟ್ಟುಹೋಗಿದೆ ಕಣಮ್ಮ” ಎಂದೆ. ಆ ಹಾಳೆ ಹರಿದು ಹಾಕಿದವನು ನಾನೇ.

ಇದನ್ನೆಲ್ಲ ಅವಳಿಗೆ ನೋವಾಗಬಾರದೆಂದು ಮಾಡಿದೆ ಎಂದು ಆರು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅಧ್ಯಕ್ಷರೇ, ನೀವು ಹಲ್ಲು ಕೀಳುವಾಗ “ನೋವಾಗಲ್ಲ” ಎನ್ನುತ್ತೀರಲ್ಲ, ಆ ಜಾತಿಯ ಮಾತು ಅದು. ನಿಜ ಏನೆಂದರೆ, ನನಗೆ ಭಯ. ಗೊತ್ತಾದರೆ ಅವಳು ಹಾಡು ನಿಲ್ಲಿಸಿಬಿಡುತ್ತಾಳೆ, ಆ ಸ್ವರದ ಹತ್ತಿರ ನನ್ನ ಕಡೆ ತಿರುಗುವವರು ಇನ್ನು ಯಾರೂ ಇರುವುದಿಲ್ಲ ಎಂಬ ಭಯ. ನಾನು ಕಾಪಾಡಿಕೊಂಡದ್ದು ಅವಳ ಹೆಮ್ಮೆಯನ್ನಲ್ಲ, ನನ್ನ ಹಾಡನ್ನು.

ಅಕ್ಕಾ, ತಪ್ಪಾಯ್ತು. ಇಷ್ಟು ಜನರ ಎದುರಿಗೆ ನಿನ್ನಿಂದ ಮುಚ್ಚಿಟ್ಟಿದ್ದೆ, ಅದಕ್ಕೇ ಇಷ್ಟು ಜನರ ಎದುರಿಗೇ ಹೇಳುತ್ತಿದ್ದೇನೆ. ನಿನ್ನ ಗಂಟಲು ಇಳಿದಿದೆ. ನನ್ನ ಬೆರಳುಗಳೂ ಇಳಿದಿವೆ, ಬಲಗೈ ಕಿರುಬೆರಳು ಮಾತು ಕೇಳುವುದಿಲ್ಲ, ಇವತ್ತು ಬಿಡುತ್ತಿರುವುದೂ ಅದಕ್ಕೇ. ಗುಡುಗಿಗೆ ಕಿವಿ ಮಂದವಾಗಿದೆ, ಅದರಿಂದ ನಮಗೆಲ್ಲ ಇನ್ನೂ ಕಷ್ಟ. ನನಗೆ ಕೊನೆಯ ಸಲ ಅರವತ್ತಮೂರು ನುಡಿಸಬೇಕು. ಬೇರೆಯವರು ಹಾಡಿದರೆ ಅದನ್ನು ನುಡಿಸಲು ನನಗೆ ಬರುವುದಿಲ್ಲ. ನೋಡು, ಎಲ್ಲರಿಗೂ ಕಾಣುವ ಹಾಗೆ ಒತ್ತುತ್ತಿದ್ದೇನೆ. ಒಂದು. ಎರಡು. ಮೂರು. ನಾಲ್ಕು. ಕೊಳಲಪ್ಪಾ, ಉದ್ದದ್ದು ತಂದಿದ್ದೀಯಾ? ಸರಿ.

ಬರದಿದ್ದರೂ ಪರವಾಗಿಲ್ಲ ಅಕ್ಕ. ನಾನು...

ಎದ್ದಳು. ಸಭಿಕರೇ, ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ, ಬಾಗಿಲ ಕಡೆ ಹೊರಟರೂ ಹೊರಟಾಳು. ಇಲ್ಲ, ಈ ಕಡೆಯೇ... ಕಾಲು ಸ್ವಲ್ಪ ತೆಗೆಯಿರಿ ಸ್ವಾಮಿ, ಅವಳಿಗೆ ದಾರಿ ಬಿಡಿ. ಏನದು, ಕೈ ಎತ್ತಿ ತೋರಿಸುತ್ತಿದ್ದಾಳೆ? ಐದು ಬೆರಳು.

ಐದು. ಆಯ್ತಕ್ಕಾ. ಇನ್ನೊಂದು ಒತ್ತಿದೆ.

ಕೊಳಲಿನವನು ತಲೆ ಮೇಲೆ ಕೈ ಹೊತ್ತುಕೊಂಡಿದ್ದಾನೆ. ಅವನ ಹತ್ತಿರ ಅಷ್ಟು ಉದ್ದದ್ದು ಇಲ್ಲ. ಪರವಾಗಿಲ್ಲ, ಇವತ್ತು ನಾವಿಬ್ಬರೇ ಸಾಕು.

ಕರೆದವರಿಗೆ, ಬಂದವರಿಗೆ, ಕೇಳಿಸಿಕೊಂಡವರಿಗೆ ನಾನು ಋಣಿ. ಇನ್ನು ನಿಂತಿರಲು ಆಗುವುದಿಲ್ಲ, ಅವಳು ತಿರುಗುವಾಗ ನಾನು ನನ್ನ ಜಾಗದಲ್ಲಿ ಇರಬೇಕು. ನಮಸ್ಕಾರ.